ಪ್ರೊಸೆಸರ್ ಇಂಟೆಲ್ ಐ5 12400ಎಫ್ ಹಾಕ್ಸೋದಾ, ಎಎಂಡಿ ರೈಜನ್ 5 5600ಜಿ ಹಾಕ್ಸೋದಾ? ಗ್ರಾಫಿಕ್ಸ್ ಕಾರ್ಡ್ ಈಗ್ಲೇ ತಗೊಳಲ್ಲ

ತೋಟದ್ಹೈದ:
ಚಿಕ್ಕಮಗಳೂರಿಂದ. ಮನೇಲಿ ಒಂದು ಡೆಸ್ಕ್‌ಟಾಪ್ ಮಾಡ್ಸೋಣ ಅಂತ, ಹಗಲೊತ್ತು ತೋಟದ ಲೆಕ್ಕ ಟ್ಯಾಲಿ ಎಕ್ಸೆಲ್ಲು, ಸೀಸನ್ನಲ್ಲಿ ಫ್ರೆಂಡ್ ಶೂಟ್ ಮಾಡೋ ಮದುವೆ ವಿಡಿಯೋ ಪ್ರೀಮಿಯರಲ್ಲಿ ಕಟ್ ಮಾಡ್ಕೊಡ್ತೀನಿ, ರಾತ್ರಿ ವ್ಯಾಲರಂಟು ಜಿಟಿಎ ಫೈವು. 1080ಪಿ ಮಾನಿಟರ್ ಇದೆ, ಅದು ಬಿಟ್ಟು 35 ಸಾವಿರದ ಮೇಲೆ ಹೋಗಕ್ಕಾಗಲ್ಲ. ಗ್ರಾಫಿಕ್ಸ್ ಕಾರ್ಡ್ ಕಾಫಿ ದುಡ್ಡು ಬಂದ್ಮೇಲೇನೆ. ಅಂಗಡಿಯವ್ರು 12400ಎಫ್ ಅಂತಾರೆ, ನಮ್ ಚಿಕ್ಕಪ್ಪನ ಮಗ 5600ಜಿ ಅಂತಾನೆ, ಯಾರ ಮಾತು ಕೇಳ್ಲಿ?

ಹಾಸನ್_ಬಿಲ್ಡ್:
ಕಾರ್ಡ್ ಇಲ್ದೆ ಎಫ್ ತಗೊಂಡ್ರೆ ಸ್ಕ್ರೀನೇ ಬರಲ್ಲ ಗುರು, ಎಫ್ ಅಂದ್ರೆ ಒಳಗಡೆ ಗ್ರಾಫಿಕ್ಸ್ ಇಲ್ಲ ಅಂತ. ಅಂಗಡಿಯವ್ರಿಗೆ ಕಾರ್ಡ್ ಆಮೇಲೆ ಅಂತ ಹೇಳಿದ್ಯಾ ಇಲ್ವಾ? 5600ಜಿನಲ್ಲಿ ವೇಗಾ 7 ಅನ್ನೋ ಗ್ರಾಫಿಕ್ಸ್ ಒಳಗೇ ಇದೆ, ಸೆಟ್ಟಿಂಗ್ಸ್ ಇಳಿಸ್ಕೊಂಡ್ರೆ ನೀನು ಹೇಳಿದ್ ಎರಡೂ ಗೇಮ್ ಆಡ್ಬೋದು. ಆದ್ರೆ ರ್‍ಯಾಮ್ ಮಾತ್ರ 8 ಜಿಬಿದು ಎರಡು ಸ್ಟಿಕ್ ಹಾಕ್ಸು, 16ರದ್ದು ಒಂದೇ ಕಡ್ಡಿ ಬೇಡ, ಯಾಕಂದ್ರೆ ಅದರ ಗ್ರಾಫಿಕ್ಸಿಗೆ ಬೇರೆ ಮೆಮೊರಿ ಇಲ್ಲ, ಇದೇ ರ್‍ಯಾಮನ್ನೇ ತಿನ್ನೋದು, ಒಂದೇ ಸ್ಟಿಕ್ ಇದ್ರೆ ಬ್ಯಾಂಡ್‌ವಿಡ್ತ್ (ಡೇಟಾ ಓಡೋ ದಾರಿ) ಅರ್ಧ ಆಗಿ ಗೇಮಿನ ಫ್ರೇಮ್ ಬಿದ್ದೋಗುತ್ತೆ. ಇನ್ನೊಂದು, ಕಾರ್ಡ್ ಬಂದ್ಮೇಲೆ 5600ಜಿ ಸ್ವಲ್ಪ ಹಿಂದೆ ಬೀಳುತ್ತೆ, ಜಿ ಇಲ್ದಿರೋ ಬರೀ 5600ನಲ್ಲಿ ಎಲ್3 ಕ್ಯಾಶ್ (ಚಿಪ್ಪೊಳಗಿನ ವೇಗದ ಮೆಮೊರಿ) 32 ಎಂಬಿ, ಜಿನಲ್ಲಿ 16 ಅಷ್ಟೇ, ಕಾರ್ಡ್ ಕೂರೋ ಪಿಸಿಐಇ ಲಿಂಕೂ ಹಳೇ 3.0. ಎರಡೂ 6 ಕೋರ್ 12 ಥ್ರೆಡ್ಡೇ.

ಮಲ್ನಾಡ್‌ಎಡಿಟರ್:
ಮಾರಾಯ ಎಫ್ ಇಲ್ದಿರೋ ಬರೀ 12400 ನೋಡಿದ್ಯಾ? ಅದೂ 6 ಕೋರ್ 12 ಥ್ರೆಡ್, ಒಳಗೆ ಯುಎಚ್‌ಡಿ 730 ಗ್ರಾಫಿಕ್ಸ್ ಇರುತ್ತೆ. ಗೇಮಿಗೆ ವೇಗಾ ಮುಂದೆ ಅದು ಏನೂ ಅಲ್ಲ, ವ್ಯಾಲರಂಟ್ ಹೆಂಗೋ ಓಡುತ್ತೆ, ಜಿಟಿಎ 720ಪಿಗೆ ಇಳಿಸ್ಬೇಕು. ಆದ್ರೆ ಅದರಲ್ಲಿ ಕ್ವಿಕ್ ಸಿಂಕ್, ಅಂದ್ರೆ ವಿಡಿಯೋ ಓದೋಕ್ಕೇ ಇರೋ ಭಾಗ, ಇದೆಯಲ್ಲ, ನಿನ್ ಫ್ರೆಂಡ್ ಕ್ಯಾಮೆರಾ ಎಚ್.265ನಲ್ಲಿ 10 ಬಿಟ್ 4:2:2 (ಬಣ್ಣದ ವಿವರ ಜಾಸ್ತಿ ಇರೋ ಫೈಲ್) ಕೊಡ್ತಿದ್ರೆ ಇಂಟೆಲ್ ಅದನ್ನ ಹಾರ್ಡ್‌ವೇರಲ್ಲೇ ಓದುತ್ತೆ, ವೇಗಾಗೆ ಅದು ಆಗಲ್ಲ, ಪೂರ್ತಿ ಕೋರ್‌ಗಳ ಮೇಲೇ ಭಾರ, ಟೈಮ್‌ಲೈನ್ ಎಳೆಯೋಕ್ಕೆ ಹೋದ್ರೆ ನಿಂತ್ ನಿಂತ್ ಬರುತ್ತೆ. ಡಿಡಿಆರ್4 ರ್‍ಯಾಮ್ ಹಾಕೋ ಬೋರ್ಡೇ ತಗೋ, ಈ ಬಜೆಟ್ಟಿಗೆ ಡಿಡಿಆರ್5 ಸಹವಾಸ ಬೇಡ.

ಹಾಸನ್_ಬಿಲ್ಡ್:
ಅದು ಸರಿ, ಆದ್ರೆ ವರ್ಷಕ್ಕೆ ನಾಲ್ಕು ಮದುವೆ ವಿಡಿಯೋಗೋಸ್ಕರ ದಿನಾ ಆಡೋ ಗೇಮ್ ಯಾಕ್ ಕಳ್ಕೋಬೇಕು? ಪ್ರಾಕ್ಸಿ, ಅಂದ್ರೆ ವಿಡಿಯೋದ ಹಗುರ ಕಾಪಿ, ಮಾಡ್ಕೊಂಡ್ ಎಡಿಟ್ ಮಾಡ್ಲಿ.

ಮಲ್ನಾಡ್‌ಎಡಿಟರ್:
ಕಾಫಿ ದುಡ್ಡು ಬರೋದು ಇನ್ನೆಷ್ಟು ತಿಂಗಳು ಅನ್ನೋದ್ರ ಮೇಲೆ ಅದು. ಹತ್ರ ಇದ್ರೆ 12400, ದೂರ ಇದ್ರೆ ನೀನ್ ಹೇಳಿದ್ದೇ.

ತೋಟದ್ಹೈದ:
ಕೊಯ್ಲು ಈಗಷ್ಟೇ ಶುರು, ದುಡ್ಡು ಕೈಗೆ ಬರೋದು ಮಾರ್ಚ್ ಕಳೆದ್ಮೇಲೇ. ಫೈಲ್ ಯಾವ್ದು ಅಂತ ಅವನಿಗೆ ಮೆಸೇಜ್ ಹಾಕಿದೀನಿ, 4:2:2 ಅಂದ್ರೆ 12400, ಇಲ್ಲಾಂದ್ರೆ 5600ಜಿ.

ಬೇಲೂರ್‌ರೋಡ್:
ಎರಡ್ರಲ್ಲಿ ಯಾವ್ದಾದ್ರೂ ಹಾಕ್ಕೊ, ಯುಪಿಎಸ್‌ಗೆ ದುಡ್ಡು ಎತ್ತಿಟ್ಟಿದ್ಯಾ? ಮಳೆಗಾಲದಲ್ಲಿ ನಿಮ್ ಕಡೆ ಕರೆಂಟ್ ಕತೆ ಗೊತ್ತಲ್ಲ, ಎಂಟ್ರಿ ಮಾಡ್ತಿರೋವಾಗ ಹೋದ್ರೆ ಟ್ಯಾಲಿ ಡೇಟಾ ಕೆಡ್ಬೋದು. ಎರಡೂ 65 ವ್ಯಾಟ್ ಚಿಪ್ಪು, ಕಾರ್ಡ್ ಇಲ್ದಿದ್ರೆ 600 ವಿಎದ್ದು ಸಾಕು, ಸೇವ್ ಮಾಡಿ ಆಫ್ ಮಾಡೋವಷ್ಟು ಟೈಮ್ ಸಿಗುತ್ತೆ.