ಪದಚರ್ಚೆ: ‘ರೆಮಿಷನ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಅಲ್ಸರೇಟಿವ್ ಕೊಲೈಟಿಸ್ ಅಂತ ಒಂದು ಕಾಯಿಲೆ. ದೊಡ್ಡ ಕರುಳಿನ ಒಳಪದರ ಊದಿ ಹುಣ್ಣಾಗಿ, ಮಲದಲ್ಲಿ ರಕ್ತ ಹೋಗುತ್ತದೆ. ಅದರ ಔಷಧಿ ಪ್ರಯೋಗವೊಂದಕ್ಕೆ ಸೇರುವವರ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ದಿನದಿಂದ ಒಂದೇ ಪದಕ್ಕೆ ಸಿಕ್ಕಿಕೊಂಡಿದ್ದೇನೆ: ರೆಮಿಷನ್, ಅಂದರೆ ಕಾಯಿಲೆ ಪೂರ್ತಿ ಹೋಗದಿದ್ದರೂ ಅದರ ಲಕ್ಷಣಗಳು ಅಡಗಿರುವ ಸ್ಥಿತಿ.

ಮೊದಲು ‘ಗುಣವಾಗುವುದು’ ಎಂದೇ ಬರೆದಿದ್ದೆ. ಇಂಥ ಪತ್ರವನ್ನು ಮೂಲ ನೋಡದ ಇನ್ನೊಬ್ಬರ ಕೈಲಿ ಮತ್ತೆ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡುತ್ತಾರೆ. ಅಲ್ಲಿಂದ ‘ಕ್ಯೂರ್’ ಅಂತ ವಾಪಸ್ ಬಂತು, ಅಡಿಯಲ್ಲಿ ಕೆಂಪು ಗೆರೆ. ತಪ್ಪು ನನ್ನದೇ. ಔಷಧಿಗೆ ಈ ಕಾಯಿಲೆ ಅಡಗುತ್ತದೆ, ಬೇರುಸಮೇತ ಹೋಗುವುದಿಲ್ಲ. ಗುಣವಾಯಿತೆಂದು ಮಾತ್ರೆ ಬಿಟ್ಟವರಿಗೆ ಮರುಕಳಿಸುವ ಸಂಭವ ಹೆಚ್ಚು. (‘ಮರುಕಳಿಸು’ ಎಷ್ಟು ಚೆನ್ನಾಗಿ ಕೂತಿದೆ ನೋಡಿ, ಅದರ ಜೋಡಿ ಮಾತ್ರ ಸಿಗುತ್ತಿಲ್ಲ.)

‘ಉಪಶಮನ’ ಇದೆಯಲ್ಲ ಅನ್ನಬಹುದು. ಆದರೆ ಕ್ಯಾನ್ಸರಿನ ಕೊನೆಯ ಹಂತದ ಆರೈಕೆಗೂ ‘ಉಪಶಮನ ಆರೈಕೆ’ ಎನ್ನುತ್ತಾರೆ. ಅದನ್ನು ಕೇಳಿ ಬಲ್ಲವರು ಈ ಪತ್ರ ಓದಿದರೆ ಎದೆ ಧಸಕ್ಕೆನ್ನುತ್ತದೆ.

‘ಹತೋಟಿ’ ಬಹುತೇಕ ಒಪ್ಪಿಗೆಯಾಗಿತ್ತು. ಶುಗರ್ ಹತೋಟಿಯಲ್ಲಿದೆ ಎಂದರೆ ಕಾಯಿಲೆ ಇದೆ, ಮಾತ್ರೆ ನಡೆಯುತ್ತಿದೆ ಎಂದು ಯಾರಿಗಾದರೂ ತಿಳಿಯುತ್ತದೆ. ತೊಡಕು ಬಂದದ್ದು ಅಂಕಗಳಲ್ಲಿ. ಇಂಥ ಪ್ರಯೋಗಗಳಲ್ಲಿ ಕಾಯಿಲೆ ಎಷ್ಟು ಜೋರಾಗಿದೆ ಎಂದು ಅಳೆಯಲು ಮೇಯೊ ಸ್ಕೋರ್ ಬಳಸುತ್ತಾರೆ. ಎಷ್ಟು ಸಲ ಹೋಗಬೇಕಾಯಿತು, ರಕ್ತ ಎಷ್ಟು, ಎಂಡೋಸ್ಕೋಪಿಯಲ್ಲಿ (ನಳಿಕೆ ಹಾಕಿ ಒಳಗೆ ನೋಡುವ ಪರೀಕ್ಷೆ) ಕರುಳು ಹೇಗೆ ಕಂಡಿತು, ಒಟ್ಟಾರೆ ಡಾಕ್ಟರಿಗೆ ಏನನ್ನಿಸಿತು ಎಂಬ ನಾಲ್ಕಕ್ಕೂ 0ಯಿಂದ 3, ಒಟ್ಟು 12. ಮೊತ್ತ 2 ಮೀರದೆ, ಯಾವೊಂದೂ 1 ದಾಟದಿದ್ದರೆ ರೆಮಿಷನ್. ಮೊತ್ತ ಕನಿಷ್ಠ 3 ಅಂಕವೂ ಕನಿಷ್ಠ ಶೇ. 30ರಷ್ಟೂ ಇಳಿದು, ಜೊತೆಗೆ ರಕ್ತವೂ ಕಡಿಮೆಯಾದರೆ ಅದು ‘ರೆಸ್ಪಾನ್ಸ್’ ಮಾತ್ರ, ಅಂದರೆ ಔಷಧಿ ಸ್ವಲ್ಪ ನಾಟಿದೆ ಅಷ್ಟೇ. 10ರಿಂದ 6ಕ್ಕೆ ಇಳಿದವರು ಇನ್ನೂ ನರಳುತ್ತಲೇ ಇರುತ್ತಾರೆ. ಇಬ್ಬರಿಗೂ ‘ಹತೋಟಿ’ ಎನ್ನಲಾದೀತೇ?

ಆಗ 1955ರ ಒಂದು ವರದಿ ನೆನಪಾಯಿತು. ಆಕ್ಸ್‌ಫರ್ಡಿನ ವೈದ್ಯರಾದ ಟ್ರೂಲವ್ ಮತ್ತು ವಿಟ್ಸ್ ಈ ಕಾಯಿಲೆಯ 210 ರೋಗಿಗಳಲ್ಲಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಔಷಧಿಯನ್ನು ಹುಸಿ ಮಾತ್ರೆಯೊಂದಿಗೆ ಹೋಲಿಸಿ ನೋಡಿದ್ದು. ಅವರ ರೆಮಿಷನ್ ಅಂದರೆ ದಿನಕ್ಕೆ ಒಂದೆರಡೇ ಸಲ, ರಕ್ತವಿಲ್ಲ, ಜ್ವರವಿಲ್ಲ, ಮೈ ತೂಕ ಏರುತ್ತಿದೆ. ರಕ್ತಪರೀಕ್ಷೆಯ ಮಾತು ಬಿಟ್ಟರೆ ನಮ್ಮಜ್ಜಿಯೂ ಹೀಗೇ ಹೇಳುತ್ತಿದ್ದಳು.

ಅಜ್ಜಿಯ ನೆನಪಿನಿಂದಲೇ ‘ಬಿಡುವು’ ಹೊಳೆಯಿತು. ನಮ್ಮ ಮಲೆನಾಡಿನಲ್ಲಿ ಮಳೆ ಬಿಡುವು ಕೊಟ್ಟಿತು ಅಂದರೆ ಮಳೆಗಾಲ ಮುಗಿಯಿತೆಂದು ಯಾರೂ ತಿಳಿಯುವುದಿಲ್ಲ. ಅಂಗಳಕ್ಕೆ ಇಳಿಯುತ್ತಾರೆ, ಆದರೆ ಕಂಬಳಿಕೊಪ್ಪೆ ಕೈಗೆಟುಕುವಲ್ಲೇ ಇರುತ್ತದೆ. ‘ಕಾಯಿಲೆ ಬಿಡುವು ಕೊಟ್ಟಿರುವ ಸ್ಥಿತಿ’ ಎಂದು ಬರೆದೆ, ಹಿತವೆನಿಸಿತು. ಮುಂದಿನ ಪುಟದಲ್ಲೇ ‘ಎಂಡೋಸ್ಕೋಪಿಕ್ ರೆಮಿಷನ್’ ಎದುರಾಯಿತು. ‘ಎಂಡೋಸ್ಕೋಪಿ ಬಿಡುವು’ ಎಂದರೆ ಆ ಕೋಣೆಯವರು ಊಟಕ್ಕೆ ಹೋಗಿದ್ದಾರೆ ಅಂದಂತೆ! ಸದ್ಯಕ್ಕೆ ಅಲ್ಲಿ ‘ನಳಿಕೆ ಹಾಕಿ ನೋಡಿದಾಗಲೂ ಹುಣ್ಣು ಕಾಣದಿರುವುದು’ ಎಂದು ಬಿಡಿಸಿ ಬರೆದಿದ್ದೇನೆ.

ಕೇಳಬೇಕಾದದ್ದು ಇಷ್ಟು. ಬಯಲುಸೀಮೆಯವರಿಗೆ ‘ಕಾಯಿಲೆ ಬಿಡುವು ಕೊಟ್ಟಿದೆ’ ಅಂದರೆ ಸಲೀಸಾಗಿ ಅರ್ಥವಾಗುತ್ತದೆಯೇ, ಇಲ್ಲ ಪುರುಸೊತ್ತಿನ ಬಿಡುವೇ ಮೊದಲು ನೆನಪಾಗುತ್ತದೆಯೇ? ಧಾರವಾಡ, ಕಲಬುರಗಿ ಕಡೆಯವರು ‘ಆರಾಮ ಆಗೇದ’ ಅನ್ನುವುದು ಗೊತ್ತು, ಆದರೆ ಅದರಲ್ಲೂ ಗುಣವಾದ ಅರ್ಥವೇ ಇದೆಯಲ್ಲವೇ? ಬೇಸಾಯದಲ್ಲೋ ದನಕರುಗಳ ಕಾಯಿಲೆಯಲ್ಲೋ ಇದಕ್ಕೆ ಹೊಂದುವ ಪದ ಕೇಳಿದ್ದರೆ ತಿಳಿಸಿ. ಶುಕ್ರವಾರ ಪತ್ರ ಕಳಿಸಬೇಕು.