ನೋರಾ ಯಾವ ಗೊಂಬೆ? (ಪದಚರ್ಚೆ)

ಎಲ್ಲರಿಗೂ ನಮಸ್ಕಾರ.

ನಾರ್ವೆಯ ನಾಟಕಕಾರ ಇಬ್ಸೆನ್ನನ 1879ರ ನಾಟಕವನ್ನು ಕನ್ನಡದಲ್ಲಿ ಆಡಬೇಕು ಅಂತ ಬಳ್ಳಾರಿಯಲ್ಲಿ ನಾವು ಕೆಲವರು ಕೂತು ಓದುತ್ತಿದ್ದೇವೆ. ನೋರಾ ಗಂಡ ಹೆಲ್ಮರನನ್ನು ಬಿಟ್ಟು ಹೊರಡುವ ನಾಟಕ. ತಕರಾರು ಹೆಸರಿನಿಂದಲೇ ಶುರುವಾಗಿದೆ. ನಾರ್ವೆಯ ಮಾತಿನಲ್ಲಿ ಅದು 'ಎಟ್ ದುಕ್ಕೆಯೆಮ್'. ದುಕ್ಕೆ ಅಂದರೆ ಗೊಂಬೆ, ಯೆಮ್ ಅಂದರೆ ಮನೆ. 'ಗೊಂಬೆಮನೆ' ಸಾಕು ಅಂತ ನಾನು. 'ಸೂತ್ರದ ಗೊಂಬೆ' ಅಂದರೇ ಜನಕ್ಕೆ ತಟ್ಟುತ್ತದೆ ಅಂತ ಉಳಿದವರು.

ನಮ್ಮ ಕಡೆ ಗೊಂಬೆಯಲ್ಲೇ ಎರಡು ಜಾತಿ. ತೊಗಲುಗೊಂಬೆಯನ್ನು ಪರದೆಯ ಹಿಂದೆ ಕೂತವರು ಕುಣಿಸುತ್ತಾರೆ, ಅದರ ಮಾತೂ ಅವರದೇ. ಕೊಪ್ಪಳದ ಕಿನ್ನಾಳ ಗೊಂಬೆ ಹಾಗಲ್ಲ. ಹಗುರ ಮರ, ಹುಣಸೆ ಬೀಜದ ಅಂಟು, ಮೇಲೆ ಹೊಳೆಯುವ ಬಣ್ಣ. ಅದನ್ನು ಎದುರಿಗಿಟ್ಟು ನೋಡಿ ಮೆಚ್ಚುತ್ತಾರೆ.

ನೋರಾ ಈ ಎರಡನೆಯದು. ಗಂಡನ ಒಪ್ಪಿಗೆ ಇಲ್ಲದೆ ಹೆಂಡತಿ ಸಾಲ ಮಾಡುವ ಹಾಗಿಲ್ಲದ ಕಾಲ. ಅವನ ಜೀವ ಉಳಿಸಲು ಅವಳು ಗುಟ್ಟಾಗಿ ಸಾಲ ತೆಗೆದಳು. ಜಾಮೀನಿಗೆ ಬೇಕಿದ್ದ ಅಪ್ಪನ ಸಹಿಯನ್ನು ತಾನೇ ಹಾಕಿದಳು. ತಡರಾತ್ರಿಯವರೆಗೆ ಬಾಗಿಲು ಹಾಕಿಕೊಂಡು ಬರಹಗಳ ಪ್ರತಿ ಮಾಡಿಕೊಡುವ ಕೆಲಸ ಮಾಡಿ ಸಾಲ ತೀರಿಸುತ್ತ ಬಂದಳು. ಇಂಥವಳಿಗೆ ಸೂತ್ರ ಎಲ್ಲಿಂದ ಕಟ್ಟೋದು? ಗಂಡ ಅವಳಿಂದ ಕೇಳಿದ್ದು ಚೆಂದ ಮಾತ್ರ. ಮೇಲಿನ ಮನೆಯ ಪಾರ್ಟಿಯಲ್ಲಿ ಮೀನುಗಾರ ಹುಡುಗಿಯ ವೇಷ ಹಾಕಿಸಿ ತರಂತೆಲ್ಲಾ ಅನ್ನುವ ಇಟಲಿಯ ಕುಣಿತ ಕುಣಿಸುತ್ತಾನೆ. ಕುಣಿತ ಮುಗಿದದ್ದೇ ತಡ, ಮೆಚ್ಚುಗೆ ಆರುವ ಮೊದಲೇ ಕೈಹಿಡಿದು ಎಳೆದುಕೊಂಡು ಬರುತ್ತಾನೆ. ಕೊನೆಗೆ ಅವಳೇ ಹೇಳುತ್ತಾಳೆ: ತವರಲ್ಲಿ ಅಪ್ಪನ ಗೊಂಬೆಯಾಗಿದ್ದೆ, ಇಲ್ಲಿ ನಿನ್ನ ಗೊಂಬೆ, ಮಕ್ಕಳು ನನಗೆ ಗೊಂಬೆಗಳು ಅಂತ. ಮಕ್ಕಳಿಗೂ ಹೊಂದಬೇಕಾದ ಮಾತು ಇದು. ಸೂತ್ರ ಅಲ್ಲಿ ಕೂಡುವುದೇ ಇಲ್ಲ, ಅಲ್ವಾ?

ಹೆಣ್ಣು ನೋಡಿ ಬಂದವರು ನಮ್ಮಲ್ಲಿ "ಗೊಂಬಿ ಇದ್ದಂಗ ಅದಾಳ" ಅನ್ನುತ್ತಾರೆ. ಹೊಗಳಿಕೆಯೇ ಅದು. ಈ ನಾಟಕಕ್ಕೆ ಬೇಕಾದ ಗೊಂಬೆಯೂ ಅದೇ ಅಂತ ನನ್ನ ನಂಬಿಕೆ. ರಾಯಚೂರು, ಕೊಪ್ಪಳದವರು ದಯವಿಟ್ಟು ಹೇಳಿ: ನಿಮ್ಮ ಮನೆಗಳಲ್ಲಿ ಇದೇ ಮಾತು ಬೈಗುಳವಾಗಿಯೂ ಬರುತ್ತದಾ?

ಹೆಲ್ಮರ್ ಅವಳನ್ನು ಬಾನಾಡಿ, ಅಳಿಲು ಅಂತ ಕರೆಯುತ್ತಾನೆ. ಕನ್ನಡದಲ್ಲಿ ಅದಕ್ಕೆ 'ನನ್ನ ಗಿಣಿ' ಅನ್ನುವುದು ಬಾಯಿಗೆ ಸಲೀಸು. ಆದರೆ ಗಿಣಿ ಅಂದ ಕೂಡಲೇ ಪಂಜರವೂ ಬಂದುಬಿಡುತ್ತದೆ. ಮೊದಲ ಅಂಕದಲ್ಲೇ ಅದು ಬೇಡ.

ನನಗೆ ಜಾಸ್ತಿ ತೊಡಕಾಗಿರುವುದು ಕೊನೆಯ ಕ್ರಿಯಾಪದ. 'ಮನೆ ಬಿಟ್ಟು ಹೋದಳು' ಅಂದರೆ ಇಲ್ಲಿ ಕೇಳಿದವರು ಮೊದಲು ಕೇಳುವುದು "ಯಾರ ಜೊತೆ?" ಅಂತ. 'ತವರಿಗೆ ಹೋದಳು' ಅಂದರೆ ನಾಲ್ಕು ದಿನಕ್ಕೆ ಯಾರೋ ಹಿರಿಯರು ಕರೆತರುತ್ತಾರೆ. ನೋರಾ ಉಂಗುರ ವಾಪಸ್ ಕೊಟ್ಟು, ತಾನು ಕೊಟ್ಟ ಉಂಗುರವನ್ನು ಕೇಳಿ ಪಡೆದು, ಹೇಳಿಯೇ ಹೋಗುತ್ತಾಳೆ. ಹೆಣ್ಣಿನ ಪಾತ್ರ ಹೆಣ್ಣೇ ಮಾಡಲಿ ಎಂದು ಪಟ್ಟು ಹಿಡಿದ ರಂಗನಟ ಬಳ್ಳಾರಿ ರಾಘವರ ಊರಿನಲ್ಲಿ ಈ ಮಾತು ಸಡಿಲವಾಗಬಾರದು. ಸದ್ಯಕ್ಕೆ 'ಹೊರಟಳು' ಅಂತ ಇಟ್ಟಿದ್ದೇವೆ. ಕಳಂಕ ಅಂಟದ, ಆದರೆ ಗಟ್ಟಿಯಾದ ಮಾತು ನಿಮ್ಮ ಕಡೆ ಬಳಕೆಯಲ್ಲಿದ್ದರೆ, ಯಾವ ಸಂದರ್ಭದಲ್ಲಿ ಕೇಳಿದಿರಿ ಅನ್ನುವುದರ ಸಮೇತ ತಿಳಿಸಿ.