ಒಂದೇ ಗುಂಪು, ಬೇರೆ ಬೇರೆ ಮಟ್ಟದ ಡೈವರ್‌ಗಳು: ಆಗಸ್ಟ್‌ನಲ್ಲಿ ಎಲ್ಲಿಗೆ?

ಪ್ರಶ್ನೆ (ಕೋಥ್ರೂಡ್, ಪುಣೆ)

ಆರು ಜನ ಆಗಸ್ಟ್‌ನಲ್ಲಿ ಒಂದು ವಾರ ಹೊರದೇಶಕ್ಕೆ ಸ್ಕೂಬಾಗೆ ಹೊರಟಿದ್ದೇವೆ. ಇಬ್ಬರದು ಅಡ್ವಾನ್ಸ್ಡ್ (ಎರಡನೇ ಹಂತದ ಕೋರ್ಸ್) ಆಗಿದೆ. ಇನ್ನಿಬ್ಬರದು ಓಪನ್ ವಾಟರ್ (ಮೊದಲ ಹಂತದ ಕೋರ್ಸ್), ಆದರೆ ಎರಡು ವರ್ಷದಿಂದ ನೀರಿಗಿಳಿದಿಲ್ಲ. ಉಳಿದಿಬ್ಬರಿಗೆ ಈಜು ಬರುತ್ತದೆ, ಸ್ಕೂಬಾ ಹೊಸದು. ಮಾಲ್ಡೀವ್ಸ್, ಥಾಯ್ಲೆಂಡಿನ ಸಿಮಿಲಾನ್, ಇಂಡೋನೇಷ್ಯಾದ ಕೊಮೊಡೊ, ಬಾಲಿ: ಯಾವುದು ಹೊಂದುತ್ತದೆ? ಯಾರೂ ದಡದಲ್ಲಿ ಕೂತು ಕಾಯುವಂತಾಗಬಾರದು.

ಉತ್ತರ (ವಾಸ್ಕೋ)

ಬಾಲಿಗೇ ಹೋಗಿ, ಅದರಲ್ಲೂ ತುಲಂಬೆನ್‌ಗೆ. ಸಿಮಿಲಾನ್ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತದೆ. ಮಾಲ್ಡೀವ್ಸ್‌ನಲ್ಲಿ ಆಗ ಮುಂಗಾರು. ಕೊಮೊಡೊದ ನೀರಿನ ಸೆಳೆತ ಹೊಸಬರಿಗೆ ಹೇಳಿಮಾಡಿಸಿದ್ದಲ್ಲ.

ತುಲಂಬೆನ್‌ನಲ್ಲಿ ದೋಣಿ ಬೇಡ, ದಡದಿಂದಲೇ ನಡೆದು ಇಳಿಯಬಹುದು. 1942ರಲ್ಲಿ ಟಾರ್ಪೆಡೊ ತಗುಲಿದ ಲಿಬರ್ಟಿ ಹಡಗು ಅಲ್ಲಿ ದಡದಲ್ಲಿ ಬಿದ್ದಿತ್ತು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ನೀರಿಗೆ ಜಾರಿತು. ಈಗ ಅದರ ಮೇಲ್ಭಾಗ ಸುಮಾರು 5 ಮೀಟರ್ ಆಳದಲ್ಲಿದೆ, ತಳ 30ರ ಹತ್ತಿರ. ಹೊಸಬರು ಶಿಕ್ಷಕರೊಂದಿಗೆ 12 ಮೀಟರ್ ಒಳಗೆ, ಓಪನ್ ವಾಟರ್‌ನವರು 18ರವರೆಗೆ, ಅಡ್ವಾನ್ಸ್ಡ್‌ನವರು 30ರವರೆಗೆ. ಹಡಗು ಒಂದೇ, ಗುಂಪು ಮೂರು, ಗೈಡ್ ಮೂವರು. ಈ ಮೂವರ ವಿಷಯದಲ್ಲಿ ದಯವಿಟ್ಟು ಜಿಪುಣತನ ಮಾಡಬೇಡಿ, ಬುಕ್ ಮಾಡುವಾಗಲೇ ಬರೆಸಿಕೊಳ್ಳಿ.

ದಡವೆಲ್ಲ ಉರುಟು ಕಲ್ಲು. ದಪ್ಪ ಅಡಿಯ ಬೂಟು, ಹಿಮ್ಮಡಿ ಪಟ್ಟಿಯ ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ) ಬೇಕು. ಫಿನ್ ತೊಟ್ಟು ನಡೆದರೆ ಅಲೆ ಬಂದಾಗ ಬೀಳುವುದು ಖಚಿತ. ಸೊಂಟದ ನೀರಿಗೆ ಹೋದ ಮೇಲೆ ಹಾಕಿಕೊಳ್ಳಿ.

ಅಡ್ವಾನ್ಸ್ಡ್‌ನವರಿಬ್ಬರು ಒಂದು ದಿನ ನುಸಾ ಪೆನಿಡಾಕ್ಕೆ ಹೋಗಲಿ. ಮೋಲಾ ಮೋಲಾ ಎಂಬ ದೈತ್ಯ ಮೀನು ಕಾಣುವ ಕಾಲವದು. ನೀರು ತಣ್ಣಗೆ, ಸೆಳೆತ ಜೋರು, 5 ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಇರಲಿ.

ಉತ್ತರ (ಮಾಟುಂಗಾ, ಮುಂಬೈ)

ಹಳಬರನ್ನು ಹೊಸಬರಿಗೆ ಜೋಡಿ ಹಾಕಬೇಡಿ. ಲೆಕ್ಕ ನೋಡಿ. 11 ಲೀಟರ್ ಸಿಲಿಂಡರ್, 200 ಬಾರ್ ಒತ್ತಡದ ಗಾಳಿ. ಮೀಸಲು 50 ಕಳೆದರೆ ಉಳಿಯುವ ಗಾಳಿ 1,650 ಲೀಟರ್. 18 ಮೀಟರ್‌ನಲ್ಲಿ ಒತ್ತಡ ಮೇಲಿನದಕ್ಕಿಂತ 2.8 ಪಟ್ಟು. ಮೇಲೆ ನಿಮಿಷಕ್ಕೆ 25 ಲೀಟರ್ ಎಳೆಯುವವರು ಅಲ್ಲಿ 70 ಎಳೆಯುತ್ತಾರೆ, 23 ನಿಮಿಷಕ್ಕೆ ಮುಗಿಯಿತು. 15 ಎಳೆಯುವವರಿಗೆ 39 ನಿಮಿಷ. ಜೋಡಿ ಒಟ್ಟಿಗೇ ಮೇಲೆ ಬರಬೇಕಲ್ಲ, ಹಳಬರ ಡೈವ್ ಅರ್ಧಕ್ಕೇ ನಿಲ್ಲುತ್ತದೆ. ಹೊಸಬರು ಸಂಕೋಚದಿಂದ ಗೇಜ್ (ಉಳಿದ ಗಾಳಿಯ ಮಾಪಕ) ತೋರಿಸಲು ತಡ ಮಾಡುತ್ತಾರೆ. ಅಪಾಯ ಹುಟ್ಟುವುದೇ ಅಲ್ಲಿ.

ಉತ್ತರ (ಮಡಗಾಂವ್)

ಎರಡು ವರ್ಷ ನೀರಿಗಿಳಿಯದವರ ರಿಫ್ರೆಶರ್ (ಮರುಅಭ್ಯಾಸದ ತರಗತಿ) ಮೇ ಮುಗಿಯುವುದರೊಳಗೆ ಆಗಲಿ. ಮಳೆಗಾಲದಲ್ಲಿ ಇಲ್ಲಿಯ ಗ್ರಾಂಡ್ ಐಲ್ಯಾಂಡೂ ಕರ್ನಾಟಕದ ನೇತ್ರಾಣಿ ದ್ವೀಪವೂ ಡೈವಿಂಗ್‌ಗೆ ಬಂದ್. ನೇತ್ರಾಣಿಗೆ ಮುರ್ಡೇಶ್ವರದಿಂದ ದೋಣಿ, ಮುರ್ಡೇಶ್ವರಕ್ಕೆ ಮಡಗಾಂವ್‌ನಿಂದ ರೈಲು. ತಪ್ಪಿದರೆ ಈಜುಕೊಳದಲ್ಲಾದರೂ ಮಾಸ್ಕ್‌ನ ನೀರು ತೆಗೆಯುವುದು, ರೆಗ್ಯುಲೇಟರ್ (ಉಸಿರಾಡುವ ಸಾಧನ) ಹುಡುಕಿ ಬಾಯಿಗಿಡುವುದು ರೂಢಿಯಾಗಲಿ.

ಹೊಸಬರಿಬ್ಬರು ಓಪನ್ ವಾಟರ್ ಮಾಡುವುದಾದರೆ ಪಾಠ ಮತ್ತು ಈಜುಕೊಳದ ಭಾಗ ಪುಣೆಯಲ್ಲೇ ಮುಗಿಸಿ, ಅಷ್ಟು ಮುಗಿಸಿದ್ದಕ್ಕೆ ರೆಫರಲ್ ಪತ್ರ ಒಯ್ಯಲಿ. ಬಾಲಿಯಲ್ಲಿ ಸಮುದ್ರದ 4 ಡೈವ್ ಮಾತ್ರ ಉಳಿಯುತ್ತದೆ. 200 ಮೀಟರ್ ಈಜು, 10 ನಿಮಿಷ ತೇಲುವುದು ಕಡ್ಡಾಯ. ಆರೋಗ್ಯದ ಫಾರ್ಮ್ ಈಗಲೇ ತರಿಸಿ ನೋಡಿ. ಅಸ್ತಮಾದಂಥ ಪ್ರಶ್ನೆಗೆ 'ಹೌದು' ಎಂದಿದ್ದರೆ ಡಾಕ್ಟರ ಸಹಿ ಬೇಕು, ಅಲ್ಲಿ ಹೋಗಿ ಪರದಾಡಬಾರದು.

ಕೊನೆಯ ಡೈವ್ ಆದ ಮೇಲೆ ವಿಮಾನಕ್ಕೆ ಕನಿಷ್ಠ 18 ಗಂಟೆ ಬಿಡಿ. ಡೈವ್ ಆದ ಮೇಲೆ ಬೆಟ್ಟ ಏರುವುದೂ ವಿಮಾನದಂತೆಯೇ ಅಪಾಯ. ಬಾಲಿಯ ಕಿಂತಾಮಣಿ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಅದನ್ನು ಡೈವಿಂಗ್ ಶುರುವಾಗುವ ಮೊದಲೇ ನೋಡಿ ಬನ್ನಿ.